ಒತ್ತಕ್ಷರ ಮುಗಿಯುವ ಮೊದಲೇ ಜಾಮೀನು

ಕಲಿಸುವ ಚಟ ಕುಡಿತಕ್ಕಿಂತ ಕೆಟ್ಟದ್ದು. ನಿವೃತ್ತಿಯಾದ ಮೇಲೂ ಅದು ಬಿಡುವುದಿಲ್ಲ. ಹುಮನಾಬಾದಿನ ನಮ್ಮ ಮನೆಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ನಾನು ಕೆಂಪು ಶಾಯಿಯಲ್ಲಿ ತಿದ್ದತೊಡಗಿದಾಗ ನನ್ನ ಹೆಂಡತಿ, "ಎಲ್ಲಿಗರೆ ಹೋಗಿ ಕಲಸ್ರಿ, ಪುಣ್ಯಾ ಬರ್ತದ" ಎಂದು ಕೈಮುಗಿದಳು. ಹೀಗೆ ಪ್ರತಿ ಗುರುವಾರ ಬಸ್ಸು ಹತ್ತಿ ಬಸವಕಲ್ಯಾಣದ ಕಡೆ ಹೋಗಿ, ಅಲ್ಲಿನ ಜೈಲಿನಲ್ಲಿ ಅಕ್ಷರ ಕಲಿಸುವ ಸ್ವಯಂಸೇವಕನಾದೆ. ಶಾಲೆಯಲ್ಲಿ ನನ್ನ ಪಾಠ ಶುರುವಾದರೆ ಹುಡುಗರು ಗೋಡೆ ಹಾರಿ ಓಡುತ್ತಿದ್ದರು. ಇಲ್ಲಿ ಆ ತಾಪತ್ರಯವಿಲ್ಲವೆಂದು ಒಳಗೊಳಗೇ ಖುಷಿಯಾಗಿತ್ತು.

ನನ್ನ ಅತಿ ಜಾಣ ವಿದ್ಯಾರ್ಥಿ ಕೊಹಿನೂರ ಹಳ್ಳಿ ಕಡೆಯ ಶಂಕ್ರೆಪ್ಪ. ಹೊಲದ ಬದುವಿನ ಜಗಳದಲ್ಲಿ ಕೈಕೈ ಮಿಲಾಯಿಸಿ ಒಳಗೆ ಬಂದವನು, ನಲವತ್ತು ದಾಟಿದ ಆಸಾಮಿ. ಮೊದಲ ದಿನವೇ ಒತ್ತಿ ಬರೆದು ಮೂರು ಪೆನ್ಸಿಲ್ ಮುರಿದ. ನಾಲ್ಕನೆಯ ತರಗತಿಯಲ್ಲಿ ಓದುವ ಮಗಳು ಭಾಗ್ಯಶ್ರೀ ಬರೆದು ಕಳಿಸಿದ ಒಂದು ಚೀಟಿ ಅವನ ಜೇಬಿನಲ್ಲಿತ್ತು. ಓದಿ ಹೇಳುತ್ತೇನೆ ಎಂದರೆ ಜೇಬಿನ ಮೇಲೆ ಕೈಯಿಟ್ಟು, "ಬ್ಯಾಡ್ರಿ ಸರ. ನನ್ನ ಮಗಳು ನನಗ ಬರದಾಳ, ನಾನೇ ಓದ್ತೀನ್ರಿ" ಎನ್ನುತ್ತಿದ್ದ. ಆ ಹಟ ಕಂಡು ನನಗೆ ಅವನ ಮೇಲೆ ವಿಪರೀತ ಪ್ರೀತಿ ಬಂತು. ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದೆವು. 'ಅಪ್ಪ' ಎಂದು ಓದಲೂ ಅದು ಬೇಕಲ್ಲ!

ಅಷ್ಟರಲ್ಲಿ ಶಂಕ್ರೆಪ್ಪ ಒಂದು ಗುರುವಾರ ಓಡೋಡಿ ಬಂದ. "ಸರ, ಜಾಮೀನ ಆತ್ರಿ! ನಾಳಿ ಬಿಡ್ತಾರ!"

"ಇಷ್ಟ ಲಗೂನ? ಒತ್ತಕ್ಷರ ಇನ್ನಾ ಅರ್ಧಾ ಆಗಿಲ್ಲಲ್ಲೋ!" ಎಂದುಬಿಟ್ಟೆ.

ಗೇಟಿನ ಕಾವಲಿನ ಖಾಸೀಂಸಾಬ್ ನಕ್ಕ. "ಏನ್ ಮಾತಾಡಾಕತ್ತೀರಿ ಮಾಸ್ತರ? ನಿಮ್ಮ ಪಾಠ ಮುಗಿಯೂತನ ಜಜ್ ಸಾಹೇಬ್ರು ಕಾಯ್ಬೇಕೇನ್ರಿ?"

ಮನೆಯಲ್ಲೂ ಸುಮ್ಮನಿರದೆ, "ಜಾಮೀನು ಒಂದೇ ತಿಂಗಳು ತಡವಾಗಿದ್ದರೆ" ಎಂದು ಶುರುಮಾಡಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ಎದ್ದು ಅಂಗಳಕ್ಕೆ ಹೋದೆ.

ಮುಂದಿನ ಗುರುವಾರ ಹೋದರೆ ಗೇಟಿನಲ್ಲಿ ವಾದ ನಡೆದಿತ್ತು. ಶಂಕ್ರೆಪ್ಪ ಬರೆಯುವ ಪಾಟಿ ಹಿಡಿದು ಒಳಗೆ ಬಿಡಿ ಎನ್ನುತ್ತಿದ್ದ. "ಹಂಗೆಲ್ಲಾ ಬಿಡಂಗಿಲ್ಲಪಾ. ಬರಬೇಕಂದ್ರ ಮತ್ತ ಏನರೆ ಗುನ್ನೆ ಮಾಡ್ಕೊಂಡ ಬಾ" ಎಂದು ಖಾಸೀಂಸಾಬ್ ಅಡ್ಡ ನಿಂತಿದ್ದ.

"ಮನ್ಯಾಗ ಮಗಳು ಓದಿ ಹೇಳ್ತೀನಿ ಅಂದ್ಳ್ರಿ ಸರ. ಬ್ಯಾಡ ಅಂದೀನಿ" ಎಂದ ಶಂಕ್ರೆಪ್ಪ. ಹೊರಗಿನ ಬೇವಿನ ಮರದ ಕೆಳಗೆ ಇಬ್ಬರೂ ಕೂತೆವು. ಅವನು ಚೀಟಿ ಬಿಡಿಸಿ, ಬೆರಳಿಟ್ಟು, ಬೆವರುತ್ತ ಓದಿದ. ತೊಡರಿದಲ್ಲಿ ನಾನು ಒತ್ತಕ್ಷರ ಹೇಳಿಕೊಟ್ಟೆ.

"ಈ ಚೀಟಿ ಓದುವ ಸಾಹೇಬರಿಗೆ ನಮಸ್ಕಾರ. ನಮ್ಮ ಅಪ್ಪನಿಗೆ ಓದಲು ಬರುವುದಿಲ್ಲ. ನೀವೇ ಓದಿ ಅವನನ್ನು ಬೇಗ ಮನೆಗೆ ಕಳಿಸಿರಿ."

ಶಂಕ್ರೆಪ್ಪ ಕಣ್ಣೊರೆಸಿಕೊಂಡು ನಕ್ಕ. ಚೀಟಿಯನ್ನು ಮಡಚಿ ನನ್ನ ಕೈಗಿಟ್ಟ. "ಇದು ನಿಮಗ ಬರದಾಳ್ರಿ ಸರ."

ಬೇಗ ಕಳಿಸಿ ಎಂದು ಆ ಮಗು ಕೈಮುಗಿದು ಕೇಳಿಕೊಂಡಿದ್ದ ಸಾಹೇಬ, ಇನ್ನೊಂದು ತಿಂಗಳು ಇರಲಿ ಎಂದಿದ್ದ. ಇಷ್ಟು ಚೆನ್ನಾಗಿ ಓದಿದ ಶಿಷ್ಯನಿಗೆ ಶಭಾಶ್ ಎನ್ನುವುದನ್ನೂ ಮರೆತು, ಆ ಚೀಟಿಯನ್ನು ನನ್ನ ಜೇಬಿಗಿಟ್ಟು ಮೇಲೆ ಕೈಯಿಟ್ಟುಕೊಂಡೆ.