ಕೊನೆಯ ಫಾರಂ ಹಂಚಿಕೊಂಡ ಮಾನ್ಯರಿಗೆ

ಬರಹಗಾರರ ಮತ್ತು ಓದುಗರ ಬಳಗದ ಕಾರ್ಯದರ್ಶಿಗಳ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮಗೆ ಅನಂತ ವಂದನೆಗಳು. ತಮ್ಮ ಕನ್ನಡಕಕ್ಕೆ, ಮೈಕಿನ ಮುಂದೆ ತಾವು ಗಂಟಲು ಸರಿಮಾಡಿಕೊಳ್ಳುವ ಆ ಗಂಭೀರ ಸದ್ದಿಗೆ, ತೂಕಡಿಸುತ್ತಿರುವವರನ್ನು ಗಾಢ ನಿದ್ದೆಗೆ ದಾಟಿಸುವ ತಮ್ಮ ಸ್ವಾಗತ ಭಾಷಣಕ್ಕೆ ಬೇರೆ ಬೇರೆಯಾಗಿ ವಂದನೆಗಳು. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ಖಾಸಗಿಯಾಗಿ ಬರೆದವುಗಳನ್ನು ತಾವು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೀರೆಂದರೆ ಒಂದಕ್ಕೂ ಉತ್ತರ ಹೊರಗೆ ಬಂದಿಲ್ಲ.

ನಾನು ಗ್ರಂಥಾಲಯದ ಹಿಂದಿನ ಓಣಿಯ ಬುಕ್ ಬೈಂಡರನ ಹೆಂಡತಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹತ್ತಿ ಎತ್ತಿಕೊಡುವುದು, ಮುಂದಿನವರನ್ನು ಕರೆಯುವುದು ನನ್ನ ಕೆಲಸ. ಒಬ್ಬರು ಬಾಯಿ ಮುಕ್ಕಳಿಸಿ ಎದ್ದು ಇನ್ನೊಬ್ಬರು ಬಾಯಿ ತೆರೆಯುವ ನಡುವೆ ನಾನು ಕಾದಂಬರಿ ಓದುತ್ತೇನೆ. ನನ್ನ ಹಿನ್ನೆಲೆ ಇಷ್ಟೇ, ಮುಗಿಯಿತು. ಹಿನ್ನೆಲೆಯನ್ನು ಇಷ್ಟರಲ್ಲೇ ಮುಗಿಸಲು ಬರುತ್ತದೆ ಎಂದು ತಮ್ಮ ಬಳಗಕ್ಕೆ ತೋರಿಸುವ ಆಸೆ ನನಗೆ ಬಹಳ ದಿನದಿಂದ ಇತ್ತು.

ಈಗ ತಮ್ಮ ಆಮಂತ್ರಣಕ್ಕೆ ಬರುತ್ತೇನೆ. 'ಬರಹಗಾರರೂ ಓದುಗರೂ ತಂತಮ್ಮ ಹಿನ್ನೆಲೆ ಹಾಗೂ ಮೆಚ್ಚಿನ ಪುಸ್ತಕದೊಂದಿಗೆ ಬಂದು ಹಂಚಿಕೊಳ್ಳತಕ್ಕದ್ದು' ಎಂಬ ಆ ಒಂದೇ ವಾಕ್ಯ ನಮ್ಮ ಓಣಿಯಲ್ಲಿ ಏನೆಲ್ಲ ಮಾಡಿತು ಎಂಬುದನ್ನು ತಾವು ಬಂದು ನೋಡಲಿಲ್ಲ. ಪಕ್ಕದ ಸ್ಟುಡಿಯೋದ ಫೋಟೋಗ್ರಾಫರ್ ಮಹಾಶಯರಿಗೆ ಹಿನ್ನೆಲೆ ಎಂದರೆ ಒಂದೇ ಅರ್ಥ. ಅವರು ತಮ್ಮ ನೀಲಿ ಸರೋವರದ ಪರದೆಯನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತಂದು, ತಾವು ತಡೆಯುವ ಮೊದಲೇ ವೇದಿಕೆಗೆ ಕಟ್ಟಿಬಿಟ್ಟರು. ಸಾಹಿತಿಗಳೆಲ್ಲ ಅಂದು ಪರದೆಯ ಬಾತುಕೋಳಿಗಳ ಮುಂದೆ ಕೂತು ತಮ್ಮ ಹೋರಾಟದ ದಿನಗಳನ್ನು ನೆನೆದರು. ಒಬ್ಬರು ತಮ್ಮ ಮುತ್ತಜ್ಜನಿಂದ ಶುರುಮಾಡಿ, ಸಮಯ ಮುಗಿದ ಗಂಟೆ ಬಾರಿಸುವ ಹೊತ್ತಿಗೆ ಇನ್ನೂ ಹುಟ್ಟಿರಲಿಲ್ಲ. ಮೆಚ್ಚಿನ ಪುಸ್ತಕ ಯಾವುದು ಎಂದಾಗ ಎಲ್ಲರೂ ಸಂಕೋಚದಿಂದ ತಲೆತಗ್ಗಿಸಿ ತಂತಮ್ಮ ಪುಸ್ತಕಗಳನ್ನೇ ಹೇಳಿದರು. ವಿನಯವಂತರೊಬ್ಬರು ಮಾತ್ರ ತಮ್ಮದರ ಮೊದಲ ಮುದ್ರಣ ಅಷ್ಟೇನೂ ಚೆನ್ನಾಗಿಲ್ಲ ಎಂದು ಒಪ್ಪಿಕೊಂಡರು.

ಆಮೇಲೆ ನಮ್ಮವರ ಸರದಿ ಬಂತು. ಅವರು ಪುಸ್ತಕ ಓದುವವರಲ್ಲ, ಹೊಲಿಯುವವರು. ಒಳ್ಳೆಯ ಪುಸ್ತಕ ಎಂದರೆ ಅವರ ಪ್ರಕಾರ ಬೆನ್ನು ನೆಟ್ಟಗಿರಬೇಕು, ದಾರ ಬಿಗಿಯಾಗಿರಬೇಕು. ಒಳಗಿನ ವಿಚಾರ ಒಳಗಿನವರಿಗೆ ಬಿಟ್ಟದ್ದು. ಆದ್ದರಿಂದ ಮನೆಯಲ್ಲಿರುವ ಅತ್ಯುತ್ತಮ ಹೊಲಿಗೆ ಯಾವುದು ಎಂದು ಹುಡುಕಿ, ನಾನು ಕೊನೆಯ ಕೆಲವು ಪುಟ ಬಿಟ್ಟು ಓದಿ ದಿಂಬಿನ ಪಕ್ಕದಲ್ಲಿಟ್ಟಿದ್ದ ಕಾದಂಬರಿಯನ್ನು ಎತ್ತಿಕೊಂಡು ಬಂದಿದ್ದರು. ಹಂಚಿಕೊಳ್ಳತಕ್ಕದ್ದು ಎಂಬ ತಮ್ಮ ಅಪ್ಪಣೆಯನ್ನು ಶಿರಸಾವಹಿಸಿ, ಜೇಬಿನಿಂದ ಬ್ಲೇಡು ತೆಗೆದು, ಬೆನ್ನಿನ ದಾರವನ್ನು ಸರಸರ ಬಿಡಿಸಿ, ಹದಿನಾರು ಪುಟಗಳ ಒಂದೊಂದು ಮಡಿಕೆಯನ್ನೂ ಸಭಿಕರಿಗೆ ಹಂಚಿಬಿಟ್ಟರು. ಆ ಮಡಿಕೆಗೆ ಅವರ ಕಸುಬಿನಲ್ಲಿ ಫಾರಂ ಎನ್ನುತ್ತಾರೆ. ಕೊನೆಯ ಫಾರಂ ದೊಡ್ಡವರಿಗೆ ಸಲ್ಲಬೇಕು ಎಂದು ಅದನ್ನು ಎರಡೂ ಕೈಯಿಂದ ತಮಗೆ ಒಪ್ಪಿಸಿದರು. ಸಭೆ ಅದನ್ನೊಂದು ಹೊಸ ಬಗೆಯ ಸಾಹಿತ್ಯ ಪ್ರಯೋಗವೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಕೂತಲ್ಲೇ ಯಾವ ಫಾರಂ ಯಾರ ಕೈ ಸೇರಿತೆಂದು ಲೆಕ್ಕ ಹಾಕುತ್ತಿದ್ದೆ.

ಮನೆಗೆ ಬಂದು ಕೇಳಿದ್ದಕ್ಕೆ ನಮ್ಮವರು ಕೊಟ್ಟ ಉತ್ತರವನ್ನು ತಮ್ಮ ಅವಗಾಹನೆಗಾಗಿ ಯಥಾವತ್ತಾಗಿ ಬರೆಯುತ್ತೇನೆ. "ಹಂಚ್ಕೊಳ್ಳಿ ಅಂತ ಅವರೇ ಅಚ್ಚು ಹಾಕ್ಸಿದಾರಲ್ಲೇ, ನಾನೊಬ್ಬನೇ ಹಂಚಿದ್ದು. ಮಿಕ್ಕೋರೆಲ್ಲ ಬರೀ ಮಾತಾಡಿ ಹೋದ್ರು." ಈ ಮಾತಿನಲ್ಲಿ ತಪ್ಪು ಹುಡುಕಲು ಒಂದು ವಾರ ಹೆಣಗಿದ್ದೇನೆ. ತಮಗೇನಾದರೂ ಸಿಕ್ಕರೆ ತಿಳಿಸಿ.

ಆ ಪುಸ್ತಕದ ಸಂಗತಿ ಸ್ವಲ್ಪ ಹೇಳಬೇಕು. ಅದನ್ನು ಹಳೆಯ ಪುಸ್ತಕದ ಅಂಗಡಿಯಿಂದ ಆರಿಸಿ ಕೊಟ್ಟವಳು ನನ್ನ ಅಕ್ಕ. ಅಚ್ಚಾದ ದಿನದಿಂದ ಯಾರೂ ಓದಿರದ ಪ್ರತಿ. ಮಡಿಕೆಗಳ ಅಂಚು ಕತ್ತರಿಸಿರಲಿಲ್ಲ, ಪುಟಗಳು ಒಂದಕ್ಕೊಂದು ಕೂಡಿಕೊಂಡೇ ಇದ್ದವು. ನಮ್ಮವರು ಯಂತ್ರಕ್ಕೆ ಕೊಟ್ಟು ಒಂದೇ ಏಟಿಗೆ ಕತ್ತರಿಸುತ್ತೇನೆಂದರು, ನಾನು ಬಿಡಲಿಲ್ಲ. ಅಕ್ಕನಿಗೆ ಈಚೆಗೆ ಕಣ್ಣು ಕಾಣುವುದು ಕಷ್ಟ. ವಾರಕ್ಕೊಂದು ಸಂಜೆ ನಾನು ಫೋನಿನಲ್ಲಿ ಅವಳಿಗೆ ಒಂದು ಫಾರಂ ಓದಿ ಹೇಳುತ್ತೇನೆ. ಮೊದಲು ಚಾಕುವಿನಿಂದ ಮಡಿಕೆ ಬಿಡಿಸಬೇಕು. ಆ ಚರ್ ಎಂಬ ಸದ್ದು ಕಿವಿಗೆ ಬಿದ್ದ ಮೇಲೇ ಅವಳು ದಿಂಬಿಗೆ ಒರಗುವುದು. ಕಥೆಯಲ್ಲಿ ಇಬ್ಬರು ಅಕ್ಕತಂಗಿಯರು ಒಂದು ಬಾವಿಯ ಜಗಳದಿಂದ ಅರ್ಧ ಆಯುಷ್ಯ ಮಾತು ಬಿಟ್ಟಿರುತ್ತಾರೆ. ನಾವು ನಿಂತಿರುವ ಕಡೆ, ತಂಗಿ ಬಂದು ಅಕ್ಕನ ಬಾಗಿಲು ತಟ್ಟಿದ್ದಾಳೆ. ಬಾಗಿಲ ಆಚೆ ಏನಿದೆ ಎಂಬುದು ತಮ್ಮ ಬಳಿ ಇರುವ ಹದಿನಾರು ಪುಟಗಳಲ್ಲಿದೆ. ಬೇರೆ ಪ್ರತಿ ಹುಡುಕಿದೆ, ಎಲ್ಲೂ ಇಲ್ಲ. ಆ ಮುದ್ರಣಾಲಯವಿದ್ದ ಜಾಗದಲ್ಲಿ ಈಗ ಟೈರು ಮಾರುತ್ತಾರೆ.

ಅಕ್ಕ ಕಾದು ಬೇಸತ್ತು ತಾನೇ ಕೊನೆಗಳನ್ನು ಕಟ್ಟತೊಡಗಿದ್ದಾಳೆ. ಒಂದರಲ್ಲಿ ಬಾಗಿಲು ತೆರೆದದ್ದು ಪಕ್ಕದ ಮನೆಯವಳು, ಇನ್ನೊಂದರಲ್ಲಿ ಬೀಗ ತುಕ್ಕು ಹಿಡಿದು ಬಡಗಿಯನ್ನು ಕರೆಸುತ್ತಾರೆ. ಮೊನ್ನೆ ಮಾತ್ರ ತಮಾಷೆ ಬಿಟ್ಟು, "ಅಷ್ಟು ದೂರ ಬಂದಿದಾಳೆ, ಒಳಗೆ ಕರ್ಕೊಂಡ್ಲಾ ಇಲ್ವಾ ಅಷ್ಟು ಹೇಳು ಸಾಕು" ಎಂದಳು. ಫೋನ್ ಇಟ್ಟವಳೇ ಈ ಪತ್ರ ಬರೆಯಲು ಕೂತೆ.

ಇನ್ನುಳಿದ ಫಾರಂಗಳ ಪ್ರತಾಪವನ್ನೂ ತಾವು ಕೇಳಬೇಕು. ಮೊದಲನೆಯದು ಸಿಕ್ಕ ಕ್ಷೌರಿಕರು ಗಿರಾಕಿಗಳಿಗೆ ಅರ್ಧ ಗಡ್ಡ ಹೆರೆದು, ಕಥೆಯ ಆರಂಭ ಹೇಳಿ, ಮುಂದೆ ಏನೆಂದು ತಿಳಿಯದೆ ಕತ್ತಿ ಕೆಳಗಿಟ್ಟುಬಿಡುತ್ತಾರೆ. ಬಾವಿ ತೋಡುವ ಭಾಗ ಸಿಕ್ಕ ನಮ್ಮ ಹಲ್ಲಿನ ಡಾಕ್ಟರು ಅದನ್ನು ಬಾಯಿ ತೆರೆದು ಮಲಗಿದವರಿಗೆಲ್ಲ ಹೇಳುತ್ತಾರೆ; ಬಾಯಿ ತುಂಬ ಹತ್ತಿ ಇರುವುದರಿಂದ ಪಾಪ, ಅವರಿಗೆ ನೀರು ಬಂತೇ ಎಂದು ಕೇಳಲು ಆಗುವುದಿಲ್ಲ. ಮಾರನೆಯ ದಿನ ನೋವಿಲ್ಲದ ಹಲ್ಲು ಹಿಡಿದುಕೊಂಡು ಮತ್ತೆ ಬರುತ್ತಾರೆ. ಎಲ್ಲರಿಗೂ ತಮ್ಮ ಪಾಲಿನ ಹಿಂದೇನು, ಮುಂದೇನು ಎಂಬ ಚಿಂತೆ ಹತ್ತಿ, ದಿನಾ ಸಂಜೆ ನಮ್ಮ ಅಂಗಡಿಯ ಅಂಟಿನ ಡಬ್ಬಗಳ ನಡುವೆ ಕೂತು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದಾರೆ. ತಮ್ಮ ಸಭೆಗೆ ಜನ ಬರುವುದಿಲ್ಲವೆಂದು ತಾವು ಕೊರಗುತ್ತಿದ್ದಿರಲ್ಲ, ನಮ್ಮ ಅಂಗಡಿಯಲ್ಲಿ ಈಗ ಚಪ್ಪಲಿ ಬಿಡಲು ಜಾಗವಿಲ್ಲ. ಫೋಟೋಗ್ರಾಫರ್ ಮಹಾಶಯರು ಸರೋವರವನ್ನು ನಮ್ಮ ಗೋಡೆಗೆ ವರ್ಗಾಯಿಸಿದ್ದಾರೆ. ಎಲ್ಲ ಸಾಂಗವಾಗಿ ಓದಿ ಮುಗಿಸಿ, ಬಾಗಿಲು ತಟ್ಟುವಲ್ಲಿಗೆ ಬಂದು, ಇಡೀ ಗುಂಪು ಬಾಯಿ ಬಿಟ್ಟುಕೊಂಡು ನನ್ನ ಮುಖ ನೋಡುತ್ತದೆ. ನಾನು ತಮ್ಮ ಮನೆಯ ದಿಕ್ಕಿಗೆ ಕೈ ತೋರಿಸುತ್ತೇನೆ.

ಫಾರಂ ಕೇಳಿ ಮೂರು ಜನ ಬಂದಾಗಲೂ ತಾವು ಅದನ್ನು 'ಮತ್ತೊಮ್ಮೆ ಸವಿಯುತ್ತಿದ್ದೇನೆ' ಎಂದು ಹೇಳಿ ಕಳಿಸಿದಿರಂತೆ. ನನಗೆ ಭಕ್ತಿಯೇ ಉಕ್ಕಿತು. ಕಳೆದ ಸಭೆಯಲ್ಲಂತೂ ತಾವು ಅದೇ ತಮ್ಮ ಮೆಚ್ಚಿನ ಕೃತಿಯೆಂದು ಸಾರಿ, ಕೈಯಲ್ಲಿ ಎತ್ತಿ ಹಿಡಿದು, ಅದರ ಅಂತ್ಯದ ಬಗ್ಗೆ ಅಷ್ಟು ಹೊತ್ತು ಮಾತಾಡಿದಿರಿ. ಕಾದಂಬರಿ ಕೊನೆಗೆ ನಿರೀಕ್ಷೆಯಲ್ಲಿ ನಿಲ್ಲುತ್ತದೆ, ನಿರೀಕ್ಷೆಯೇ ಲೇಖಕರ ಕಟ್ಟಕಡೆಯ ಮಾತು ಎಂದು ಹೇಳುವಾಗ ತಮ್ಮ ದನಿ ನಡುಗಿತು. ಮುಂದಿನ ಸಾಲಿನಲ್ಲಿದ್ದ ನಾನು ಕತ್ತು ಚಾಚಿ ನೋಡಿದೆ. ಆ ಮಡಿಕೆಯ ಹಿಂಬದಿಯಲ್ಲಿ ಕಾಣುವ ಏಕೈಕ ಸಾಲು, 'ಇದೇ ಲೇಖಕರ ಮುಂದಿನ ಕಾದಂಬರಿಯನ್ನು ನಿರೀಕ್ಷಿಸಿ' ಎಂಬ ಪ್ರಕಾಶಕರ ಜಾಹೀರಾತು. ಅಂಚುಗಳೋ, ತಮ್ಮ ಬೆರಳುಗಳ ನಡುವೆ, ಅಚ್ಚಿನ ಮನೆಯಿಂದ ಬಂದಂತೆಯೇ ಕೂಡಿಕೊಂಡಿದ್ದವು. ಮುಚ್ಚಿದ ಪುಟಗಳನ್ನು ಬಿಡಿಸದೆ, ಅಷ್ಟೂ ಸಲ ಸವಿದ ಓದುಗರು ಈ ಭೂಮಿಯ ಮೇಲೆ ತಾವೊಬ್ಬರೇ ಇರಬೇಕು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಪ್ರಾರ್ಥನೆಗಳು. ಇನ್ನು ಮುಂದೆ ಹಂಚಿಕೊಳ್ಳಿ ಎಂಬ ಪದ ಅಚ್ಚಾಗುವ ಕಡೆಯಲ್ಲೆಲ್ಲ ಪಕ್ಕದಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಬೇಕು. ಸಾಹಿತಿಗಳ ಹಿನ್ನೆಲೆಯು ಅವರು ಹುಟ್ಟಿದ ಮೇಲೆ ಶುರುವಾಗುವಂತೆ ಆಜ್ಞೆ ಹೊರಡಿಸಬೇಕು. ಫಾರಂ ಹಿಡಿದವರೆಲ್ಲರನ್ನು ನಮ್ಮ ಮನೆಯಿಂದ ಕ್ಲಿನಿಕ್ಕಿನವರೆಗೆ ಪುಟದ ಕ್ರಮದಲ್ಲಿ ರಸ್ತೆಬದಿ ನಿಲ್ಲಿಸಿದರೆ, ನಾನು ಓದುತ್ತ ಓದುತ್ತ ಕೆಲಸಕ್ಕೆ ಹೋಗಬಲ್ಲೆ. ಕ್ಲಿನಿಕ್ಕಿನ ಮೆಟ್ಟಿಲ ಮೇಲೆ, ಕೊನೆಯವರಾಗಿ, ತಾವು ದಯಮಾಡಿಸಿ ನಿಂತಿರಬೇಕು. ಇದೆಲ್ಲ ಕಷ್ಟವೆನಿಸಿದರೆ ಫಾರಂ ವಾಪಸು ಕೊಟ್ಟುಬಿಡಿ. ನಮ್ಮವರು ಸೂಜಿಗೆ ದಾರ ಪೋಣಿಸಿಕೊಂಡು ಕೂತಿದ್ದಾರೆ.

ತಮ್ಮ ವಿಶ್ವಾಸಿ,
ಊರಿಗೆ ಊರೇ ಬೆನ್ನಿಗಿದ್ದರೂ ಇನ್ನೂ ಬಾಗಿಲ ಹೊರಗೇ ನಿಂತಿರುವ
ಬೈಂಡರನ ಹೆಂಡತಿ

ಮರೆತ ಮಾತು: ಈ ಪತ್ರದ ಜೊತೆ ಒಂದು ಚಾಕು ಇಟ್ಟಿದ್ದೇನೆ, ಗಾಬರಿಯಾಗಬೇಡಿ. ಮೊಂಡು ಚಾಕು, ಕಾಗದದ ಮಡಿಕೆ ಬಿಡಿಸಲು ಅದೇ ಒಳ್ಳೆಯದು. ಹಿಡಿಗೆ ಸುತ್ತಿದ ಚೀಟಿಯಲ್ಲಿ ಅಕ್ಕನ ಫೋನ್ ನಂಬರಿದೆ. ಫಾರಂ ಕೊಡಲು ಮನಸ್ಸೇ ಬಾರದಿದ್ದರೆ ತಾವೇ ಅವಳಿಗೆ ಓದಿ ಹೇಳಿ. ಆದರೆ ಮೊದಲು ಫೋನಿನ ಹತ್ತಿರ ಹಿಡಿದು ಅಂಚು ಬಿಡಿಸಿ; ಆ ಸದ್ದು ಕೇಳದಿದ್ದರೆ ಅವಳು ತಮ್ಮ ಒಂದು ಮಾತನ್ನೂ ನಂಬುವುದಿಲ್ಲ. ಅಕ್ಕ ಬಾಗಿಲು ತೆರೆದಳೋ ಇಲ್ಲವೋ, ಅಷ್ಟೇ ಹೇಳಿದರೆ ಸಾಕು. ತಮ್ಮ ಹಿನ್ನೆಲೆ ಬೇಡ.