ಪಟ್ಟದ ರಾಜನ ಕಾಲಡಿಯ ಪಾವು

ಸಂಗತಿಗಳು ಇಷ್ಟು. ನಾನು ಎಂ.ಎಸ್ಸಿ. ಪದವೀಧರೆ. ನಮ್ಮ ಮನೆ ಅಗ್ರಹಾರದಲ್ಲಿದೆ. ಅಪ್ಪ ಬಹಳ ಎತ್ತರ. ಅದನ್ನು ಜನ ಗಾಂಭೀರ್ಯ ಎನ್ನುತ್ತಾರೆ. ನಾನೂ ಅಷ್ಟೇ ಎತ್ತರ. ಅದನ್ನು ಸಮಸ್ಯೆ ಎನ್ನುತ್ತಾರೆ. ಚಿಕ್ಕಪ್ಪನ ಮಗಳು ಗಿಡ್ಡ. ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನಿಟ್ಟುಸಿರು ಬಿಡದ ನೆಂಟರು ಇನ್ನೂ ಹುಟ್ಟಿಲ್ಲ. ಆದ್ದರಿಂದ ಇಂಥ ಪ್ರಸಂಗಗಳಿಗೆ ನಮ್ಮಲ್ಲಿ ಬರವಿಲ್ಲ.

೧. ಫೋಟೋ

ಚಿಕ್ಕಪ್ಪನ ಮಗಳ ನಿಶ್ಚಿತಾರ್ಥದಲ್ಲಿ ಫೋಟೋದವರು, "ಅಕ್ಕಾ, ಸ್ವಲ್ಪ ಬಗ್ಗಿ" ಎಂದರು. ಬಗ್ಗಿದೆ. "ಇನ್ನೂ ಸ್ವಲ್ಪ." ಆಲ್ಬಮ್ಮಿನಲ್ಲಿ ನಾನು ಬಿದ್ದುಹೋದ ಓಲೆ ಹುಡುಕುತ್ತಿರುವಂತೆ ಕಾಣುತ್ತೇನೆ. ಚಿಕ್ಕಮ್ಮ ಮಾತ್ರ, "ಇದ್ರಲ್ಲಿ ಎಷ್ಟು ಲಕ್ಷಣವಾಗಿದ್ದೀಯ ಕಣೇ!" ಎಂದು ಮೆಚ್ಚಿದರು.

ಮದುಮಗಳು ನನ್ನ ಕಿವಿಯಲ್ಲಿ, "ನಾನು ತುದಿಗಾಲಲ್ಲಿ ನಿಂತಿದ್ದೆ ಕಣೇ. ಮೀನಖಂಡ ಇನ್ನೂ ನೋಯ್ತಿದೆ" ಎಂದಳು.

೨. ಅಟ್ಟ

ದಸರಾ ಬಂದರೆ ನನ್ನ ಎತ್ತರದ ಮೇಲಿನ ದೂರುಗಳಿಗೆ ತಾತ್ಕಾಲಿಕ ತಡೆಯಾಜ್ಞೆ. "ಬಾ ಕಂದ, ಗೊಂಬೆ ಪೆಟ್ಟಿಗೆ ಇಳಿಸು" ಎಂದು ಅಮ್ಮ ಕರೆಯುತ್ತಾರೆ. ಪಕ್ಕದ ಮನೆಯವರು ಏಣಿ ಕೇಳುವುದಿಲ್ಲ, ನನ್ನನ್ನೇ ಕೇಳುತ್ತಾರೆ.

ಕಳೆದ ದಸರಾದಲ್ಲಿ ಒಂದು ಗುಟ್ಟು ಕಂಡೆ. ಅಮ್ಮನ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳಲ್ಲಿ ರಾಜನಿಗಿಂತ ರಾಣಿಯೇ ಉದ್ದ. ಅಮ್ಮ ಅಕ್ಕಿ ಅಳೆಯುವ ಪಾವನ್ನು ಬೋರಲು ಹಾಕಿ, ಅದರ ಮೇಲೆ ರಾಜನನ್ನು ನಿಲ್ಲಿಸಿ, ಪಾವು ಕಾಣದಂತೆ ಜರಿಪಂಚೆ ಇಳಿಬಿಡುತ್ತಿದ್ದರು.

"ಇದೇನಮ್ಮ?"

"ಸುಮ್ನಿರೇ. ನೋಡಿದೋರು ಏನಂದ್ಕೋತಾರೆ?"

"ಅವರಿಬ್ಬರಿಗೆ ಮದುವೆ ಆಗಿಹೋಗಿದೆ. ಇನ್ನು ಯಾರು ಬೇಡ ಅನ್ನಬೇಕು?"

ಅಮ್ಮ ಪಂಚೆಯನ್ನು ಇನ್ನೊಂದಿಷ್ಟು ಕೆಳಗೆಳೆದರು.

೩. ಆರತಿ

ಅಂದು ಸಂಜೆ ಕುಂಬಾರಕೊಪ್ಪಲಿನಿಂದ ತಾಯಿ ಮಗ ಬಂದರು. ಹೆಸರಿಗೆ ಗೊಂಬೆ ನೋಡಲು, ವಾಸ್ತವದಲ್ಲಿ ನನ್ನನ್ನು. ಅಮ್ಮನ ಆಜ್ಞೆ ಸ್ಪಷ್ಟವಾಗಿತ್ತು: "ಅವರು ಹೋಗೋವರೆಗೂ ಏಳ್ಬೇಡ."

ನಾನು ಏಳಲಿಲ್ಲ. ಆಶ್ಚರ್ಯವೆಂದರೆ, ಹುಡುಗನೂ ಏಳಲಿಲ್ಲ. ಕೋಸಂಬರಿ ತಟ್ಟೆ ದೂರದಲ್ಲಿತ್ತು. ಆತ ಅದನ್ನು ಕಾಲಿನಿಂದ ಹತ್ತಿರಕ್ಕೆಳೆದುಕೊಂಡ.

"ಆರತಿಗೆ ಎದ್ದೇಳ್ರಪ್ಪಾ! ಇಬ್ಬರನ್ನೂ ಚಾಪೆಗೆ ಹೊಲಿದಿದ್ದಾರಾ?" ಎಂದು ಅಜ್ಜಿ ಗದರಿದರು.

ಎದ್ದೆವು. ಆತನ ತಲೆ ನನ್ನ ಭುಜಕ್ಕೆ ಬಂತು. ಅಭ್ಯಾಸಬಲದಿಂದ ಬೆನ್ನು ಬಾಗಲು ಹೊರಟಿತು, ನಾನು ಬಿಡಲಿಲ್ಲ. ನೆಟ್ಟಗೆ ನಿಂತೆ.

"ನಮ್ಮಮ್ಮ ಏಳ್ಬೇಡ ಅಂದಿದ್ರು" ಎಂದು ಆತ ಪಿಸುಗುಟ್ಟಿದ.

"ನಮ್ಮಮ್ಮನೂ."

ಆತನ ತಾಯಿ ಕತ್ತೆತ್ತಿ ನನ್ನನ್ನು ದೀರ್ಘವಾಗಿ ನೋಡಿದರು. ಅಮ್ಮನ ಕೈಯಲ್ಲಿ ಆರತಿ ನಿಂತೇಹೋಯಿತು.

"ನಮ್ಮ ಗೊಂಬೆ ಇನ್ನೂ ಅಟ್ಟದಲ್ಲೇ ಇದೆ ಕಣಮ್ಮ," ಎಂದರು ಆಕೆ. "ಇವನಿಗೆ ಎಟುಕಲ್ಲ. ನಾಳೆ ಬಂದು ಇಳಿಸ್ಕೊಡ್ತೀಯಾ?"

ಅಮ್ಮ ಆರತಿ ಕೆಳಗಿಟ್ಟು, ರಾಜನನ್ನು ಎತ್ತಿ, ಪಾವನ್ನು ಹೊರತೆಗೆದರು. ರಾಣಿಯ ಪಕ್ಕದಲ್ಲಿ ಅವನನ್ನು ಅವನ ಸ್ವಂತ ಕಾಲ ಮೇಲೆ ನಿಲ್ಲಿಸಿ, ಯಾರೂ ಕೇಳದಿದ್ದರೂ, "ಅನ್ನಕ್ಕೆ ಅಕ್ಕಿ ಅಳೀಬೇಕಿತ್ತು" ಎಂದರು.

ನಿಮ್ಮ ಮನೆಯಲ್ಲಿ ಬಗ್ಗಿಯೋ ತುದಿಗಾಲಲ್ಲೋ ನಿಂತಿರುವವರಿದ್ದರೆ ದಯವಿಟ್ಟು ಇದನ್ನು ಅವರಿಗೆ ದಾಟಿಸಿ. ಎಟುಕದಿದ್ದರೆ ಹೇಳಿ, ನಾನೇ ಬಂದು ಕೊಡುತ್ತೇನೆ.