ಆಯಿಲ್ ಹೋಯಿತೆಲ್ಲಿಗೆ?

ವರ್ಗವಾಗಿ ಹೋದ ಊರಿನಲ್ಲಿ ಕಾರು ಕೆಡುವುದು ಒಂದು ಸಲ. ಏನು ಕೆಟ್ಟಿದೆ ಅಂತ ವಿವರಿಸುವಾಗ ಕೆಡುವುದು ಹತ್ತು ಸಲ. ನನ್ನದು ಬ್ಯಾಂಕ್ ಕೆಲಸ. ಮೊದಲು ವಿಶಾಖಪಟ್ಟಣ, ಆಮೇಲೆ ವಿಜಯವಾಡ. ಎರಡೂ ಊರಿನಲ್ಲಿ ನಮ್ಮ ಹಳೇ ಕಾರು ಕೇಳಿದ್ದು ಒಂದೇ ಪ್ರಶ್ನೆ. ಉತ್ತರ ಕೊಟ್ಟವರು ಮಾತ್ರ ಬಹಳ ಜನ.

ಕೆಂಪು ಗಣಪತಿ

ವಿಶಾಖಪಟ್ಟಣದಲ್ಲಿ ನಮ್ಮ ಮನೆ ದಿಬ್ಬದ ಮೇಲೆ. ದಿನಾ ಬೆಳಿಗ್ಗೆ ಮಗಳನ್ನು ಶಾಲೆಗೆ, ಅತ್ತೆಯನ್ನು ದೇವಸ್ಥಾನಕ್ಕೆ ಬಿಡುವವಳು ನಾನೇ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಸ್ಟಿಯರಿಂಗ್ ಹಿಂದೆ ಒಂದು ಕೆಂಪು ದೀಪ ಹತ್ತುತ್ತಿತ್ತು. ಸಮತಟ್ಟಿಗೆ ಬಂದರೆ ಆರುತ್ತಿತ್ತು.

"ಹ್ಯಾಂಡ್‌ಬ್ರೇಕ್ ಪೂರಾ ಇಳಿಸಿರಂಗಿಲ್ಲ ನೀ," ಎಂದರು ನಮ್ಮ ಯಜಮಾನರು. ಅವರು ಧಾರವಾಡದವರು.

ಇಳಿಸಿ ತೋರಿಸಿದೆ. ಆದರೂ ಹತ್ತಿತು.

"ಹಂಗಾರ ದೀಪಾನ ಕೆಟ್ಟೈತಿ," ಎಂದು ಅದರ ಮೇಲೊಂದು ಗಣಪತಿ ಸ್ಟಿಕರ್ ಅಂಟಿಸಿಬಿಟ್ಟರು.

ಮರುದಿನ ಇಳಿಜಾರಿನಲ್ಲಿ ಗಣಪತಿ ಒಳಗಿನಿಂದ ಕೆಂಪಗೆ ಬೆಳಗಿದ. ಅತ್ತೆ ಹಿಂದಿನ ಸೀಟಿನಿಂದ ಕೈಮುಗಿದರು. "ಸಾವಕಾಶ ಹೋಗವಾ. ಸಿಟ್ಟಿಗೆದ್ದಾನ."

ಮನೆಯಲ್ಲಿ ಸರಿಯಾದ ಸಲಹೆ ಕೊಟ್ಟವನು ಆ ಗಣಪತಿಯೊಬ್ಬನೇ.

ಪೇಪರಿನಲ್ಲಿ ಬಂದಿಲ್ಲ

ಕೊನೆಗೆ ನಾನೇ ಬಾನೆಟ್ ಎತ್ತಿ ನೋಡಿದೆ. ಬ್ರೇಕ್ ಆಯಿಲ್ ಇರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಎರಡು ಗೆರೆ. ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗೆ. ಕಡಿಮೆಯಾಗಿದೆ, ಸರಿ. ಹೋಯಿತೆಲ್ಲಿಗೆ? ಇಬ್ಬರನ್ನು ಹಿಂದೆ ಕೂರಿಸಿಕೊಂಡು ದಿಬ್ಬ ಇಳಿಯುವವಳಿಗೆ ಅದು ಗೊತ್ತಾಗದೆ ಸಮಾಧಾನವಿಲ್ಲ.

ಸೋರುತ್ತಿದ್ದರೆ ಕಲೆ ಬೀಳಬೇಕಲ್ಲ ಎಂದು ಭಾನುವಾರ ಬೆಳಿಗ್ಗೆ ಕಾರಿನಡಿ ಆ ದಿನದ ತೆಲುಗು ಪೇಪರ್ ಬಿಚ್ಚಿ ಹಾಸಿಟ್ಟೆ. ಎರಡು ಗಂಟೆ ಬಿಟ್ಟು ನೋಡಿದರೆ ಪೇಪರೇ ಇಲ್ಲ! ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸುತ್ತಾ ಕೆಳಗಿಳಿದು ಬಂದರು. ಪೇಪರಿನವನು ಕಾರಿನಡಿ ಎಸೆದುಹೋಗಿದ್ದಾನೆ ಅಂದುಕೊಂಡು, ಬಗ್ಗಿ ಎಳೆದುಕೊಂಡು ಹೋಗಿದ್ದರಂತೆ.

"ಅಯ್ಯೋ, ಅದರಲ್ಲಿ ನಾನು ಆಯಿಲ್ ನೋಡಬೇಕಿತ್ತು ಸರ್," ಎಂದೆ, ನನ್ನ ಅರೆಬರೆ ತೆಲುಗಿನಲ್ಲಿ.

ಮೇಷ್ಟ್ರು ಪೇಪರನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು. "ಒಂದಕ್ಷರ ಬಿಡದೆ ಓದಿದ್ದೀನಮ್ಮಾ. ಆಯಿಲ್ ವಿಷಯ ಎಲ್ಲೂ ಬಂದಿಲ್ಲ."

ನಾಲ್ಕು ಚುಕ್ಕಿ

ಯಜಮಾನರು ಆಯಿಲ್ ತರಲು ಹೋದವರು ಅಂಗಡಿಯಿಂದ ಫೋನ್ ಮಾಡಿದರು. "ಡಾಟ್ ತ್ರೀ ಬೇಕೋ ಡಾಟ್ ಫೋರ್ ಬೇಕೋ ಅಂತ ಕೇಳಾಕತ್ತಾನ."

ನಾನು ಅಡುಗೆಮನೆಯಲ್ಲಿದ್ದೆ, ಫೋನ್ ಸ್ಪೀಕರಿನಲ್ಲಿತ್ತು. "ಯಾವ ದರ್ಜೆಯ ಆಯಿಲ್ ಅಂತ ಡಬ್ಬಿ ಮುಚ್ಚಳದ ಮೇಲೆ ಬರೆದಿರುತ್ತೆ, ಇರಿ, ಕೆಳಗಿಳಿದು ನೋಡಿ ಹೇಳ್ತೀನಿ" ಅನ್ನುವಷ್ಟರಲ್ಲಿ ಅತ್ತೆ ಬಾಯಿ ಹಾಕಿದರು. "ಡಾಟ್ ಅಂದ್ರ ಚುಕ್ಕಿ ಅಲ್ಲೇನು? ಮೂರು ಚುಕ್ಕಿಯೊಳಗ ಯಾವ ರಂಗೋಲಿ ಬರ್ತೈತೋ? ನಾಕ ಚುಕ್ಕೀದ ತಗೊ. ತುಂಬಿದಂಗ ಕಾಣಸ್ತೈತಿ."

ನಾನು ಮೂರು ಮಹಡಿ ಇಳಿದು ಮುಚ್ಚಳ ನೋಡಿದೆ. ಡಾಟ್ ಫೋರ್ ಎಂದೇ ಇತ್ತು. ಅಂದಿನಿಂದ ಕಾರಿನ ವಿಷಯದಲ್ಲಿ ಅತ್ತೆಯನ್ನು ಕೇಳದೆ ನಮ್ಮ ಮನೆಯಲ್ಲಿ ಯಾರೂ ಏನೂ ತರುವುದಿಲ್ಲ.

ಚಾಲು

ಆಯಿಲ್ ತುಂಬಿಸಿದ ಮೇಲೆ ದೀಪ ಆರಿತು. ವಿಜಯವಾಡಕ್ಕೆ ಬಂದು ಕೆಲವು ತಿಂಗಳಿಗೆ ಮತ್ತೆ ಹತ್ತಿತು, ಈ ಸಲ ಚಕ್ರದಿಂದ ಕಿರ್ ಎನ್ನುವ ಸದ್ದಿನ ಸಮೇತ. ಅತ್ತೆಗೆ ಅವತ್ತೇ ಸೀರೆಗೆಂದು ಮಂಗಳಗಿರಿಗೆ ಹೋಗಬೇಕಿತ್ತು. "ಆಯಿಲ್ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗೋವರೆಗೆ ನಾನು ಓಡಿಸಲ್ಲ," ಎಂದೆ. ಹಾಗಾಗಿ ಮೊದಲು ಪಕ್ಕದ ಬೀದಿಯ ಮೆಕ್ಯಾನಿಕ್ ಹತ್ತಿರ ಹೋದೆವು.

ಮಾತಾಡುವ ಜವಾಬ್ದಾರಿ ಯಜಮಾನರದು. ತೆಲುಗು ಅಂದರೆ ಕನ್ನಡಕ್ಕೇ ತಲೆಕಟ್ಟು ಬದಲಾಯಿಸಿದ್ದು ಎಂಬುದು ಅವರ ಸಿದ್ಧಾಂತ.

ಮೆಕ್ಯಾನಿಕ್ ಚಕ್ರ ಬಿಚ್ಚಿದ. "ಆಯಿಲ್ ಎಕ್ಕಡಿಕೀ ಪೋಲೇದು ಮೇಡಂ. ಪ್ಯಾಡ್ಲು ಅರಿಗಿಪೋಯಾಯಿ."

"ಅರಗಿ ಹೋಗ್ಯಾವಂತ," ಎಂದು ಯಜಮಾನರು ಅನುವಾದಿಸಿದರು.

"ಎಣ್ಣಿ ಕುಡದು ಅರಗಿಸಿಕೊಂಡಾವೇನು?" ಎಂದರು ಬೆಂಚಿನ ಮೇಲೆ ಕೂತಿದ್ದ ಅತ್ತೆ.

ಅವನು ಹೇಳಿದ್ದು, ಆಯಿಲ್ ಎಲ್ಲಿಗೂ ಹೋಗಿಲ್ಲ, ಬ್ರೇಕಿನ ಪ್ಯಾಡ್ ಸವೆದಿವೆ ಅಂತ. ಸವೆದಷ್ಟೂ ಅದರ ಹಿಂದಿನ ಪಿಸ್ಟನ್ ಮುಂದೆ ಬರುತ್ತದೆ, ಬಿಟ್ಟ ಜಾಗಕ್ಕೆ ಡಬ್ಬಿಯ ಆಯಿಲ್ ಇಳಿಯುತ್ತದೆ. ಅಂದರೆ ನಾನು ಇಷ್ಟು ದಿನ ಹುಡುಕಿದ ಆಯಿಲ್ ನನ್ನ ಜೊತೆಗೇ, ಚಕ್ರದ ಹತ್ತಿರವೇ ತಿರುಗಾಡುತ್ತಿತ್ತು! ನನಗೆ ಆದ ಸಂತೋಷ ನೋಡಿ ಮೆಕ್ಯಾನಿಕ್ ಗಾಬರಿಯಾದ.

ಹೊಸ ಪ್ಯಾಡ್ ಹಾಕಿ, ಚಕ್ರ ಕೂರಿಸಿ, ಕಾರನ್ನು ನೆಲಕ್ಕಿಳಿಸಿದ. ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಿರಬೇಕೆಂದು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ತಾನು ಕಿಟಕಿ ಪಕ್ಕ ನಿಂತ. ಒತ್ತಿದೆ, ಬಿಟ್ಟೆ, ಒತ್ತಿದೆ, ಬಿಟ್ಟೆ. ಪೆಡಲ್ ಗಟ್ಟಿಯಾಯಿತು.

"ಚಾಲು ಮೇಡಂ, ಚಾಲು!" ಎಂದ ಮೆಕ್ಯಾನಿಕ್.

ತೆಲುಗಿನಲ್ಲಿ ಚಾಲು ಅಂದರೆ ಸಾಕು. ನನಗೆ ಗೊತ್ತಿತ್ತು. ಆದರೆ ಧಾರವಾಡದಲ್ಲಿ ಚಾಲು ಅಂದರೆ ಗಾಡಿ ಶುರು ಮಾಡು ಅಂತ.

"ಚಾಲೂ ಮಾಡಂತ! ಮಾಡು, ಮಾಡು!" ಯಜಮಾನರು ಇನ್ನೊಂದು ಪಕ್ಕದಿಂದ ಕೂಗಿದರು. ಕೈ ತಾನಾಗಿ ಕೀಲಿ ತಿರುಗಿಸಿತು. ಗೇರಿನಲ್ಲೇ ಇದ್ದ ಕಾರು ಒಮ್ಮೆಲೇ ಮುಂದಕ್ಕೆ ನೆಗೆಯಿತು. ಎದುರಿಗೆ ಮೆಕ್ಯಾನಿಕ್‌ನ ಸ್ಟೂಲ್, ಅದರ ಮೇಲೆ ಅವನ ಟೀ ಲೋಟ. ಇದ್ದಬದ್ದ ಬಲವೆಲ್ಲ ಹಾಕಿ ಬ್ರೇಕ್ ತುಳಿದೆ.

ಕಾರು ಸ್ಟೂಲಿಗೆ ಒಂದು ಗೇಣು ಇರುವಾಗ ನಿಂತಿತು. ಟೀ ತುಳುಕಲಿಲ್ಲ.

ಮೆಕ್ಯಾನಿಕ್ ನಿಧಾನಕ್ಕೆ ಬಂದು ಲೋಟ ಎತ್ತಿಕೊಂಡ. ಬಂಪರ್ ನೋಡಿದ, ನನ್ನನ್ನು ನೋಡಿದ. "ಬ್ರೇಕುಲು ಬಾಗುನ್ನಾಯಿ ಮೇಡಂ," ಎಂದ. "ಇಂಕ ಟ್ರಯಲ್ ಅವಸರಂ ಲೇದು."

ಬ್ರೇಕ್ ಚೆನ್ನಾಗಿದೆ, ಇನ್ನು ಟ್ರಯಲ್ ನೋಡುವ ಅಗತ್ಯವೇ ಇಲ್ಲ ಎಂದು ಅವನ ಮಾತಿನ ಅರ್ಥ. ಅತ್ತೆ ಬೆಂಚಿನಿಂದ ಎದ್ದು ನಿಂತು, "ಏನಂದನೋ ಅವಾ?" ಎಂದು ಮಗನನ್ನು ಕೇಳಿದರು.

ಯಜಮಾನರು ಗಂಭೀರವಾಗಿ ತಿರುಗಿದರು. "ಟ್ರಯಲ್‌ಗೆ ಏನ್ ಅವಸರ ಇಲ್ಲಂತವ್ವಾ. ನಾಳೆ ಬಂದ್ರೂ ನಡೀತೈತಂತ."